ದೊರೆಕಲ್ಲು

“ಸತ್ತವನು ಪರ್ಮನೆಂಟಾ, ಟೆಂಪರರಿಯಾ?”

ಮ್ಯಾನೇಜರು ರಾಜೇಶ್‌ಕುಮಾರ್ ಇದನ್ನು ಕೇಳಿದ್ದು ಜೀಪಿನಿಂದ ಇಳಿಯದೆ, ಒಂದು ಕಾಲನ್ನು ಮಾತ್ರ ಹೊರಗೆ ಚಾಚಿಕೊಂಡು. ಬೆಳಗಿನ ಏಳು ಗಂಟೆ. ಮಸ್ಟರ್ ಶೆಡ್ಡಿನ ಮುಂದೆ ಹೆಂಗಸರು ಎಲೆಚೀಲವನ್ನು ತಲೆಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿದುಕೊಂಡು ಸಾಲಾಗಿ ನಿಂತಿದ್ದರು. ಹೆಸರು ಕೂಗುವುದು ಅರ್ಧಕ್ಕೆ ನಿಂತಿತ್ತು. ಲಿಂಗಾಜಮ್ಮ ಒಬ್ಬಳೇ ಚೀಲ ತಂದಿರಲಿಲ್ಲ. ಬಿಚ್ಚಿದ ತಲೆ, ಬರಿಗೈ.

“ರಿಟೈರ್ ಆಗಿ ಇಪ್ಪತ್ತೊರ್ಸ ಆಯ್ತು ದೊರೆ. ನಮ್ಮಪ್ಪ. ಚೆನ್ನಯ್ಯ.”

“ಹಂಗಾದ್ರೆ ಎಸ್ಟೇಟಿಗೂ ಅವನಿಗೂ ಏನೆ ಸಂಬಂಧ? ಹೆಣ ಮನೇಲಿಟ್ಕೊಂಡು ಮಸ್ಟರಿಗೆ ಯಾಕೆ ಬಂದೆ? ಅಳೋದಿದ್ರೆ ಲೈನಿಗೆ ಹೋಗಿ ಅಳು.”

ಅವನು ಕೊಯಮತ್ತೂರಿನ ಕಡೆಯವನು. ಕನ್ನಡ ಕಲಿತದ್ದು ಈ ಆಳುಗಳ ಬಾಯಿಂದಲೇ. ಆದರೆ ಅವರನ್ನು ಬಯ್ಯಲು ಬೇಕಾದಷ್ಟನ್ನು ಮಾತ್ರ ಕಲಿತು ಅಲ್ಲಿಗೆ ನಿಲ್ಲಿಸಿದ್ದ.

“ಅಳಕೆ ಬಂದಿಲ್ಲ ದೊರೆ, ಜಾಗ ಕೇಳಕೆ ಬಂದಿವ್ನಿ. ಹಳ್ಳದಾಚೆ ನಮ್ಮವ್ವ ಮಲಗವ್ಳೆ. ಅವಳ ಪಕ್ಕಕ್ಕೇ ಮಡಗು ಅಂತ ಅಪ್ಪ ನನ್ ಕೈಲಿ ಮಾತು ತಕ್ಕಂಡಿತ್ತು.”

“ಹಳ್ಳದಾಚೆ ಫಾರೆಸ್ಟಿನವರದು. ಆನೆ ಕಂದಕ ತೋಡಿ ಎರಡು ವರ್ಷ ಆಯ್ತು, ಕಣ್ ಕಾಣಲ್ವಾ? ಹಳ್ಳದ ಈಚೆ ಪೂರಾ ಟೀ ಗಿಡ. ಒಂದು ಗಿಡ ಕಿತ್ರೂ ಕಂಪನಿ ನನ್ನ ಕೇಳುತ್ತೆ. ಪಿಕಪ್ ಕಳಿಸ್ತೀನಿ, ಟೌನಿಗೆ ತಗೊಂಡ್ಹೋಗಿ ಸುಟ್ಟು ಬನ್ನಿ.”

“ನಮ್ಮಲ್ಲಿ ಸುಡಕಿಲ್ಲ ದೊರೆ.”

“ಇವತ್ತಿಂದ ಸುಡಿ. ಸಂಜೆ ಮೇಲ್‌ಬಂಗ್ಲೆಗೆ ಗೆಸ್ಟ್ ಬರ್ತಾರೆ. ಅಷ್ಟರಲ್ಲಿ ಹೆಣ ಎದ್ದಿರಬೇಕು. ತಮಟೆ ಗಿಮಟೆ ಅಂತ ಬಾರಿಸಿದ್ರೋ, ನೋಡು ಮತ್ತೆ.”

ಜೀಪು ಹೋಯಿತು. ಮೇಸ್ತ್ರಿ ಮತ್ತೆ ಪುಸ್ತಕ ತೆರೆದು “ಮಲರ್‌ಕೊಡಿ” ಅಂತ ಕೂಗಿದ. ಸಾಲಿನಿಂದ ಒಬ್ಬಳು ಗಟ್ಟಿ ತಮಿಳು ಹೆಂಗಸು ಹೊರಗೆ ಬಂದು ಎಲೆಚೀಲವನ್ನು ಅವನ ಕಾಲ ಹತ್ತಿರ ಹಾಕಿದಳು. “ಮಲರ್‌ಕೊಡಿಗೆ ಇವತ್ತು ಹೊಟ್ಟೆನೋವು ಅಂತ ಬರ್ಕೊ ಅಣ್ಣಾ. ಹೊಟ್ಟೆನೋವಿಗೂ ಪರ್ಮನೆಂಟ್ ಬೇಕಾ?” ಅಂದು ಲಿಂಗಾಜಮ್ಮನ ಹೆಗಲ ಮೇಲೆ ಕೈಹಾಕಿ ನಡೆದೇಬಿಟ್ಟಳು. ಆಳುಗಳ ಸಾಲುಮನೆಗಳಾದ ಲೈನಿನಲ್ಲಿ ಇಬ್ಬರದೂ ಒಂದೇ ಗೋಡೆಯ ಆಚೆ ಈಚೆಯ ಮನೆ.

ಚೆನ್ನಯ್ಯ ಸತ್ತದ್ದು ಆ ದಿನ ಬೆಳಕು ಹರಿಯುವಾಗ, ನಿಂತುಕೊಂಡು. ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಹಿಡಿದುಕೊಂಡಿದ್ದವಳು ಲಿಂಗಾಜಮ್ಮನೇ. ಮೂರು ದಿನದಿಂದ ಗುಟುಕು ನೀರೂ ಇಳಿಯದೆ ಮಲಗಿದ್ದ ಮುದುಕ ಥಟ್ಟನೆ ಕಣ್ಣುಬಿಟ್ಟು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ.

“ಎಬ್ಬಿಸಿ ನಿಲ್ಸವ್ವ, ದೊರೆ ಬಂದವ್ರೆ.”

“ಯಾವ ದೊರೆನೂ ಬಂದಿಲ್ಲ, ಮಲಿಕ್ಕೊ ಅಪ್ಪ.”

“ಮಲಗಿದ್ರೆ ಒದೀತಾರೆ ಕನವ್ವ. ನಿಲ್ಸು.”

ಅವಳೂ ತಮ್ಮ ನಟರಾಜನೂ ಎರಡು ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. ಮೈಯಲ್ಲಿ ಒಂದು ಕೂಸಿನಷ್ಟೂ ಭಾರವಿರಲಿಲ್ಲ. ತಲೆಗೆ ಸುತ್ತಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಬೆರಳಾಡಿಸಿದ. ಅಷ್ಟರಲ್ಲಿ ಕತ್ತು ಮಗಳ ಹೆಗಲಿಗೆ ವಾಲಿತು.

ಬಂದದ್ದು ಯಾವ ದೊರೆ ಅಂತ ಲೈನಿನಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬಿಳಿಯರ ಕಾಲದ ಮೇಲ್‌ಬಂಗ್ಲೆಯ ಹಿಂದೆ, ಮೊನೆ ಮೊನೆ ಕಬ್ಬಿಣದ ಬೇಲಿಯೊಳಗೆ ಸೊಂಟದೆತ್ತರದ ಒಂದು ಕಲ್ಲಿದೆ. ಅದು ದೊರೆಕಲ್ಲು. ಈ ಬೆಟ್ಟವನ್ನು ಮೊಟ್ಟಮೊದಲು ಕಡಿಸಿ ಗಿಡ ಹಾಕಿಸಿದ ಬಿಳಿ ದೊರೆ ಅದರಡಿ ಮಲಗಿದ್ದಾನೆ ಅನ್ನುವುದು ಇಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಹಾಲಿನ ಜೊತೆಗೇ ಇಳಿಯುವ ಮಾತು. ಮಲಗಿದ್ದಾನೆ ಅಂದರೂ ಮಲಗಿರುವುದಿಲ್ಲ. ಸಂಜೆ ಮಂಜು ಇಳಿದ ಮೇಲೆ ಗಿಡದ ಸಾಲುಗಳ ನಡುವೆ ಹೆಜ್ಜೆ ಸದ್ದು ಕೇಳುತ್ತದೆ. ತುಸು ನಡೆಯುತ್ತದೆ, ನಿಲ್ಲುತ್ತದೆ, ಮತ್ತೆ ನಡೆಯುತ್ತದೆ, ಏನನ್ನೋ ಹುಡುಕುವವರ ಹಾಗೆ. ಆ ಹೊತ್ತಿಗೆ ಲೈನಿನವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ಬಂಗ್ಲೆಯ ಸುತ್ತ ಬಿದ್ದ, ಒಲೆಗಾಗುವ ಪುಳ್ಳೆಯನ್ನೂ ಯಾರೂ ಮುಟ್ಟುವುದಿಲ್ಲ.

ಆ ಕಲ್ಲಿನ ಸೇವೆ ಚೆನ್ನಯ್ಯನ ಮನೆತನದ್ದು. ಅವನ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ತೊರಪಳ್ಳಿ ಕಾಡು ದಾಟಿ, ಆಳು ಕರೆತರುವ ಮೇಸ್ತ್ರಿಯ ಹಿಂದೆ ನಡೆದುಕೊಂಡು ಬಂದವನು. ಅವನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ. ವರ್ಷಕ್ಕೊಂದು ಸಲ, ಗಿಡ ಸವರುವ ಕೆಲಸ ಶುರುವಾಗುವ ಹಿಂದಿನ ದಿನ, ಕಲ್ಲಿಗೆ ಸುಣ್ಣ ಬಳಿದು, ಒಂದು ಚುಟ್ಟ ಹಚ್ಚಿಟ್ಟು, ಬ್ರಾಂದಿ ಸುರಿದು, ತಟ್ಟೆಯಲ್ಲಿ ಹಾಲನ್ನದ ಜೊತೆ ಬೇಯಿಸಿದ ಮೂಳೆ ಇಡಬೇಕು. ದೊರೆಗೆ ಮೂಳೆ ಅಂದರೆ ಪ್ರಾಣವಂತೆ; ಬಂಗ್ಲೆಯ ಹಳೇ ಬಟ್ಲರನ ಕಾಲದಿಂದ ನಡೆದು ಬಂದದ್ದು. ಲಿಂಗಾಜಮ್ಮ ಎಂಟು ವರ್ಷದವಳಿದ್ದಾಗ ಆಟಕ್ಕೆ ಆ ಬೇಲಿಗೆ ಒರಗಿ ನಿಂತಿದ್ದಳು. ಚೆನ್ನಯ್ಯ ಅವಳನ್ನು ಎಳೆದು ತಂದು ಕಲ್ಲಿಗೆ ಮೂಗು ಉಜ್ಜಿಸಿದ್ದ. “ತಪ್ಪಾಯ್ತು ದೊರೆ ಅನ್ನು. ಇನ್ನೊಂದ್ಸಲ ಅನ್ನು.” ಉಜ್ಜಿಸುತ್ತ ಅವನೇ ಗಡಗಡ ನಡುಗುತ್ತಿದ್ದ. ಬಾಯಿಗೆ ಹೋದ ಸುಣ್ಣದ ರುಚಿ ಇವತ್ತಿಗೂ ಅವಳ ನಾಲಿಗೆಯ ಬುಡದಲ್ಲಿದೆ.

ಫಾರೆಸ್ಟ್ ಆಫೀಸು ರಸ್ತೆಯ ಪಕ್ಕ, ಲೈನಿನಿಂದ ಎರಡು ಮೈಲಿ. ಅಕ್ಕ ತಮ್ಮ ಇಬ್ಬರೂ ನಡೆದು ಹೋದರು. ಅಲ್ಲಿನ ಫಾರೆಸ್ಟರು ಬಯ್ಯುವ ಪೈಕಿ ಅಲ್ಲ. ಬೆಂಚು ತೋರಿಸಿ ಕೂರಿಸಿದರು, ಟೀ ತರಿಸಲೇ ಅಂದರು, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು ಗೋಡೆಯ ಮೇಲೆ ಗಾಜು ಹಾಕಿಸಿದ್ದ ಒಂದು ನಕ್ಷೆಯ ಹತ್ತಿರ ಕರೆದರು.

“ನೋಡಮ್ಮ, ಇದು ರಿಸರ್ವ್ ಆದಾಗಿನ ಮ್ಯಾಪು. ಬ್ರಿಟಿಷರು ಸರಪಳಿ ಹಿಡಿದು ಅಳೆದದ್ದು. ಇವತ್ತಿಗೂ ಕೋರ್ಟಲ್ಲಿ ನಿಲ್ಲೋದು ಇದೇನೇ. ಇದರಲ್ಲಿ ನಿಮ್ಮ ಸ್ಮಶಾನ ಎಲ್ಲಿದೆ ತೋರಿಸಿ, ನಾನೇ ಬಂದು ಗೇಟು ತೆಗೀತೀನಿ.”

ನಟರಾಜ ತಲೆ ಕೆರೆದುಕೊಂಡ. “ನಮ್ಮವ್ವುನ್ನ ಹೂತವ್ನು ನಾನೇ ಸಾರ್. ಹತ್ತೊರ್ಸ ಆಯ್ತು. ತಲೆದೆಸೆಗೆ ಕಲ್ಲಿಟ್ಟಿವ್ನಿ.”

“ಅದು ಎನ್‌ಕ್ರೋಚ್‌ಮೆಂಟ್ ಆಗುತ್ತಪ್ಪ.”

“ಹಂಗಂದ್ರೆ?”

“ಒತ್ತುವರಿ. ಇಷ್ಟು ದಿನ ಯಾರೂ ಏನೂ ಅಂದಿಲ್ಲ, ಅದು ಬೇರೆ. ಹೊಸದು ಮಾಡಿದ್ರೆ ಕೇಸ್ ಹಾಕಲೇಬೇಕು ನಾನು. ಹೋದ ವರ್ಷ ನಿಮ್ಮ ಲೈನಿನ ಮಾದ ಹೆಂಡತಿಯನ್ನ ರಾತ್ರೋರಾತ್ರಿ ಅಲ್ಲಿ ಹೂತ. ಇನ್ನೂ ಕೋರ್ಟಿಗೆ ಅಲೀತಾ ಇಲ್ವಾ?”

ಲಿಂಗಾಜಮ್ಮನಿಗೆ ಆ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ಅವಳು ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ಹಳ್ಳ ಹುಡುಕುತ್ತಿದ್ದಳು. ನೀಲಿ ಗೆರೆ ಹಳ್ಳ. ಅದರ ಮಗ್ಗುಲಿಗೆ, ಫಾರೆಸ್ಟರು ಬೆರಳಿಟ್ಟು ಹೇಳಿದಂತೆ, ಕುದುರೆ ಲಾಯ, ಟೀ ಬರುವ ಮೊದಲು ಕಾಫಿ ಒಣಹಾಕುತ್ತಿದ್ದ ಕಣ. ಮೇಲೆ ದೊಡ್ಡ ಚೌಕ, ಅದು ಮೇಲ್‌ಬಂಗ್ಲೆ. ಬಂಗ್ಲೆಯ ಹಿಂದೆ ಉಗುರಿನಷ್ಟು ಚಿಕ್ಕ ಇನ್ನೊಂದು ಚೌಕ.

“ಇದು ನಮ್ ದೊರೆಕಲ್ಲಲ್ವಾ ಸ್ವಾಮಿ? ದೊರೆ ಸಮಾಧಿ?”

ಫಾರೆಸ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು. ಓದಿದರು. ನಗು ಬಂತು, ಸಾವಿನ ಮನೆಯವರ ಮುಂದೆ ನಗಬಾರದೆಂದು ಬಾಯಿಗೆ ಕೈ ಅಡ್ಡ ಇಟ್ಟರು.

“ದೊರೆಯದಲ್ಲಮ್ಮ. ‘ಡಾಗ್ಸ್ ಗ್ರೇವ್’ ಅಂತ ಬರೆದಿದೆ. ನಾಯಿ ಸಮಾಧಿ. ಬೇಟೆನಾಯಿ ಸಾಕಿರಬೇಕು ಪುಣ್ಯಾತ್ಮ. ಎಂಥಾ ನೀಟು ಕೆಲಸ ನೋಡಿ ಆ ಕಾಲದಲ್ಲಿ, ಒಂದು ನಾಯಿಯನ್ನೂ ಬಿಡದೆ ಗುರುತು ಹಾಕಿದ್ದಾರೆ.”

“ದೊರೆ ಎಲ್ಲವ್ನೆ ಹಂಗಾರೆ?”

“ಅವನ್ಯಾಕೆ ಇಲ್ಲಿ ಸಾಯ್ತಾನಮ್ಮ? ಮಾಡ್ಕೊಳ್ಳೋದು ಮಾಡ್ಕೊಂಡು ಅವನ ಊರಿಗೆ ಹೋಗಿರ್ತಾನೆ.”

ವಾಪಸು ಬರುವಾಗ ಅರ್ಧ ದಾರಿಯವರೆಗೆ ಇಬ್ಬರೂ ಬಿರುಬಿರನೆ ನಡೆದರು. ತಿರುವಿನಲ್ಲಿ ನಟರಾಜ ನಿಂತ.

“ಅಕ್ಕ, ಇದ ಯಾರ್ಗೂ ಹೇಳ್ಬ್ಯಾಡ.”

“ಯಾಕ್ಲಾ?”

“ಅಪ್ಪನ ಮಾನ ಹೋಯ್ತದ.”

ಅವಳು ತಮ್ಮನ ಮುಖ ನೋಡಿದಳು. ಐವತ್ತಕ್ಕೆ ಹತ್ತಿರದ ಗಂಡಸು, ಫ್ಯಾಕ್ಟರಿಯಲ್ಲಿ ಪರ್ಮನೆಂಟು. ಅಪ್ಪನಿಗೆ ಬರುತ್ತಿದ್ದ ಅದೇ ನಡುಕ ಅವನ ತುಟಿಯ ಮೇಲಿತ್ತು.

ಲೈನಿನಲ್ಲಿ ಮಲರ್‌ಕೊಡಿ ಎಲ್ಲ ವ್ಯವಸ್ಥೆ ಮಾಡಿಸಿದ್ದಳು. ಚೆನ್ನಯ್ಯನಿಗೆ ಸ್ನಾನವಾಗಿ, ಹಣೆಗೆ ವಿಭೂತಿ ಬಿದ್ದು, ಮನೆಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ತಮಟೆ ಇಲ್ಲದ ಸಾವು. ಅಳುವ ಹೆಂಗಸರೂ ಬಂಗ್ಲೆಗೆ ಕೇಳಿಸೀತೆಂದು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಭೋಜನ್ ಒಂದು ಸೇವಂತಿಗೆ ಹಾರ ತಂದು ಹಾಕಿ, ಎರಡು ನಿಮಿಷ ಕೈಕಟ್ಟಿ ನಿಂತ. ಕಟ್ಟಬೆಟ್ಟಿನವನು, ಈ ಬೆಟ್ಟಗಳ ಹಳೇ ಒಕ್ಕಲಾದ ಬಡಗರವನು; ಅವನ ಅಪ್ಪನೂ ಇದೇ ಆಫೀಸಿನಲ್ಲಿ ರೈಟರ್ ಆಗಿದ್ದವನು. ಲೈನಿನ ಸಾವಿಗೆ ಆಫೀಸಿನಿಂದ ಬರುವವನು ಅವನೊಬ್ಬನೇ.

“ಭೋಜಣ್ಣ, ನಿಮ್ಗೆ ಗೊತ್ತಿತ್ತಾ?” ಲಿಂಗಾಜಮ್ಮ ನೇರವಾಗಿ ಕೇಳಿದಳು. “ದೊರೆಕಲ್ಲಿನಡಿ ಇರದು ನಾಯಿ ಅಂತ?”

ಸೆರಗುಗಳು ಬಾಯಿಂದ ಇಳಿದವು. ನಟರಾಜ “ಅಕ್ಕ” ಅಂದ. ಭೋಜನ್ ಹಾರ ಸರಿಮಾಡುವವನಂತೆ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

“ಗೊತ್ತಿತ್ತು ಅಕ್ಕ. ಆಫೀಸಲ್ಲಿ ಎಲ್ರಿಗೂ ಗೊತ್ತು. ಒಬ್ಬ ಮ್ಯಾನೇಜರ್ ಹೋಗುವಾಗ ಇನ್ನೊಬ್ಬನಿಗೆ ಬಂಗ್ಲೆ ಬೀಗದಕೈ ಕೊಡ್ತಾನಲ್ಲ, ಆಗ ಇದನ್ನೂ ಹೇಳ್ತಾನೆ. ಹೇಳ್ಬೇಡ, ಹೆದರಿಕೆ ಇರಲಿ, ಬಂಗ್ಲೆ ಕಡೆ ಸುಳಿಯಲ್ಲ ಅಂತಾನೆ. ಹೇಳಿ ಇಬ್ರೂ ನಗ್ತಾರೆ.”

“ನೀವೂ ನಕ್ಕಿದ್ರಾ?”

“ನಕ್ಕಿದ್ದೆ.” ಅವನು ಚೆನ್ನಯ್ಯನ ಪಾದ ಮುಟ್ಟಿದ. “ಕಲ್ಲ ಮೇಲೆ ನಾಯಿ ಹೆಸರೂ ಇತ್ತಂತೆ ಅಕ್ಕ. ವರ್ಷ ವರ್ಷ ಸುಣ್ಣ ಬಳಿದು ಬಳಿದು ನಿಮ್ಮೋರೇ ಮುಚ್ಚಿಬಿಟ್ರು.”

ಮೊದಲು ನಗು ಬಂದದ್ದು ಮಲರ್‌ಕೊಡಿಗೆ. “ಅಯ್ಯೋ ಕಡವುಳೇ! ಅದಕ್ಕೇನಾ ಅಕ್ಕಾ ಮೂಳೆ! ನಾಯಿಗೆ ಚುಟ್ಟ ಬೇರೆ ಸೇದಿಸಿದ್ರಲ್ಲಾ!” ಅಂದವಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಅವಳ ನಗು ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡಿತು. ಹೆಣದ ಮುಂದೆ ಇಡೀ ಲೈನು ಬಿದ್ದು ಬಿದ್ದು ನಕ್ಕಿತು. ಕಣ್ಣೀರು ಬರುವ ತನಕ ನಕ್ಕು, ಆ ಕಣ್ಣೀರನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಸುಮ್ಮನಾಯಿತು.

“ಮೆತ್ತಗೆ ಮಾತಾಡಿ,” ಅಂದ ಮಾದ, ಆಚೀಚೆ ನೋಡುತ್ತ. “ನಾಯಿನೋ ನರಮನ್ಸನೋ. ಸಂಜೆ ಓಡಾಡದ ಈ ಕಿವಿಲೇ ಕೇಳಿವ್ನಿ ನಾನು.”

ಯಾರೂ ಅವನನ್ನು ಬಯ್ಯಲಿಲ್ಲ. ಎಲ್ಲರೂ ಕೇಳಿದ್ದರು.

ನಾಲ್ಕು ಗಂಟೆಗೆ ಕೆಳಗಿನ ರಸ್ತೆಯಲ್ಲಿ ಪಿಕಪ್ ಬಂದು ಹಾರನ್ ಹೊಡೆಯತೊಡಗಿತು. ಚಟ್ಟ ಎತ್ತಿದರು. ಹೆಂಗಸರು ಲೈನಿನ ಕೊನೆಯವರೆಗೆ ಬಂದು ನಿಂತುಬಿಡುವುದು ಪದ್ಧತಿ. ಲಿಂಗಾಜಮ್ಮ ನಿಲ್ಲಲಿಲ್ಲ. ದಾರಿ ಎರಡಾಗುವ ಕಡೆ ಮುಂದೆ ಹೋಗಿ, ಮೇಲ್‌ಬಂಗ್ಲೆಗೆ ಹತ್ತುವ ದಾರಿಯಲ್ಲಿ ತಿರುಗಿ ನಿಂತಳು. ಮಾದನ ಮನೆ ಗೋಡೆಗೆ ಒರಗಿಸಿದ್ದ ಗುದ್ದಲಿ ಅವಳ ಕೈಗೆ ಯಾವಾಗ ಬಂದಿತ್ತೋ.

“ಹಿಂಗ್ ಬನ್ನಿ.”

“ಎಲ್ಲಿಗಕ್ಕ?”

“ಮ್ಯಾಪಲ್ಲಿ ಈ ಗುಡ್ಡಕ್ಕೆಲ್ಲ ಒಂದೇ ಸಮಾಧಿ ಬರ್ದವ್ರೆ. ಅಲ್ಲಿಗೇ.”

ಚಟ್ಟದ ಮುಂದಿನ ಕೊಂಬು ನಟರಾಜನ ಹೆಗಲ ಮೇಲಿತ್ತು. “ಕೆಲ್ಸ ಹೋಯ್ತದ ಕನಕ್ಕ. ಲೈನ್ ಮನೆ ಬುಡುಸ್ತಾರ. ಎಲ್ಲಿಗ್ ಹೋಗದು?”

“ಅದನ್ನೇ ಕನ್ಲಾ ಬೆಳಗಿಂದ ನಾನೂ ಕೇಳ್ತಿರದು. ಎಲ್ಲಿಗ್ ಹೋಗದು ಅಂತ.”

ಕೆಳಗೆ ಹಾರನ್ ಮತ್ತೆ ಕೂಗಿತು. ಹಿಂದಿನ ಕೊಂಬು ಹೊತ್ತಿದ್ದ ಮಾದ ಮೊದಲು ಹೆಜ್ಜೆ ತಿರುಗಿಸಿದ. ಚಟ್ಟ ಓರೆಯಾಯಿತು, ಬೀಳಿಸಬಾರದಲ್ಲ, ನಟರಾಜನೂ ತಿರುಗಲೇಬೇಕಾಯಿತು.

ಕಬ್ಬಿಣದ ಬೇಲಿಯ ಚಿಲಕ ತುಕ್ಕು ಹಿಡಿದಿತ್ತು, ಗುದ್ದಲಿಯ ಎರಡು ಏಟಿಗೆ ಬಿತ್ತು. ಒಳಗೆ ಕಾಲಿಟ್ಟೊಡನೆ ಲಿಂಗಾಜಮ್ಮನ ಎರಡು ಕೈ ತಾವಾಗಿಯೇ ಕೂಡಿಕೊಂಡವು. ಕೂಡಿದ ಕೈಗಳನ್ನು ಅವಳು ಒಂದು ಗಳಿಗೆ ಯಾರದ್ದೋ ಎಂಬಂತೆ ನೋಡಿದಳು. ಬಿಡಿಸಿದಳು. ಅಂಗೈಗೆ ಉಗುಳಿಕೊಂಡು ಗುದ್ದಲಿ ಎತ್ತಿದಳು.

ಕಲ್ಲಿನ ಎಡಕ್ಕೆ ಅಗೆದರು. ಮೊದಲು ಅವಳು, ಆಮೇಲೆ ಮಾದ, ಮಣ್ಣು ಎಳೆಯಲು ಮಲರ್‌ಕೊಡಿ. ಉಳಿದವರು ಬೇಲಿಯ ಹೊರಗೇ ಗುಂಪಾಗಿ ನಿಂತರು. ಮಂಜು ಇಳಿಯುತ್ತಿತ್ತು. ಸೊಂಟದಷ್ಟು ಆಳಕ್ಕೆ ಹೋದಾಗ ಮಾದನ ಗುದ್ದಲಿ ಯಾವುದಕ್ಕೋ ತಾಗಿ ಮೆತ್ತಗೆ ಸದ್ದಾಯಿತು. ಅವನು ಗುದ್ದಲಿ ಬಿಟ್ಟು ಬೆರಳಿಂದ ಮಣ್ಣು ಸರಿಸಿದ.

“ಮೂಳೆ ಕನಕ್ಕ. ನಾಯಿದೇಯ.”

“ನಾಯಿ ಕಲ್ಲಿನಡಿ ಇರ್ಬೇಕು, ಇಲ್ಲ್ಯಾಕೆ?” ಅಂದು ಮಲರ್‌ಕೊಡಿ ಬಗ್ಗಿದಳು. ಮಾದ ಕೈ ಮೇಲೆ ಮಾಡಿ ತೋರಿಸಿದ. ಉದ್ದನೆಯ ಕಾಲೆಲುಬು. ಅದರ ತುದಿಯ ಮಣ್ಣುಂಡೆಯನ್ನು ಒಡೆದಾಗ ಕಪ್ಪಗಾದ ಒಂದು ಉಂಗುರದಂಥದು ಸಿಕ್ಕಿತು. ಲಿಂಗಾಜಮ್ಮ ಅದನ್ನು ಸೆರಗಿನಿಂದ ಉಜ್ಜಿದಳು. ಕಾಲುಂಗುರ. ದಪ್ಪ ಸುತ್ತಿನ ಹಳೇ ಮಾದರಿ, ಅವಳ ಅಜ್ಜಿ ತೊಟ್ಟಿದ್ದಂಥದ್ದು.

“ನಾಯಿ ಕಾಲುಂಗುರ ಇಕ್ಕೊಳುತ್ತಾ?” ಅಂದಳು ಮಲರ್‌ಕೊಡಿ. ಈ ಸಲ ಯಾರಿಗೂ ನಗು ಬರಲಿಲ್ಲ.

ಒಂದು ಮೊಳ ಪಕ್ಕಕ್ಕೆ ಒಂದು ತಲೆಬುರುಡೆ ಇತ್ತು, ಸಣ್ಣದು, ಮಗುವಿನದು. ಅದರಾಚೆಗೂ ಇರಬಹುದು, ಅಗೆಯುವುದನ್ನು ನಿಲ್ಲಿಸಿದರು. ಎಲ್ಲರಿಗೂ ಗೊತ್ತಾಯಿತು. ಕಾಡು ದಾಟಿ ಬಂದ ಮೊದಲ ಆಳುಗಳು ತಮ್ಮವರನ್ನು ಮಲಗಿಸಿದ್ದು ಇಲ್ಲಿ. ಬಂಗ್ಲೆ ಬಂದದ್ದು ಆಮೇಲೆ. ನಾಯಿ ಸತ್ತದ್ದು ಇನ್ನೂ ಆಮೇಲೆ. ಬೆಟ್ಟದ ಮೇಲೆ ಅಗೆಯಲು ಮೆತ್ತಗಿನ ಮಣ್ಣು ಇದ್ದದ್ದು ಇಲ್ಲೇ ತಾನೇ.

ಲಿಂಗಾಜಮ್ಮ ಗಿಡದ ಸಾಲುಗಳ ಕಡೆ ನೋಡಿದಳು. ಇಷ್ಟು ವರ್ಷ ಸಂಜೆ ಹೊತ್ತು ನಡೆದು, ನಿಂತು, ನಡೆದು ಬರುತ್ತಿದ್ದವರು ಯಾರು? ಯಾರ ಮುಖಕ್ಕೆ ನಾವು ಬಾಗಿಲು ಹಾಕಿಕೊಂಡೆವು?

ಮೂಳೆಗಳನ್ನು ಮಲರ್‌ಕೊಡಿಯ ತಲೆವಸ್ತ್ರದಲ್ಲಿ ಕಟ್ಟಿ ಗುಂಡಿಯ ಒಂದು ಬದಿಗೆ ಮೆಲ್ಲಗೆ ಇಟ್ಟರು. ಚಟ್ಟ ಬೇಲಿಯೊಳಗೆ ಬಂತು. ಗುಂಡಿಯಲ್ಲಿ ಇಳಿದು ನಿಂತು ಹೆಣವನ್ನು ಕೈಗೆ ತೆಗೆದುಕೊಳ್ಳಬೇಕಾದವನು ಹಿರೀಮಗ. ನಟರಾಜ ಅಂಚಿಗೆ ಬಂದು, ಸುಣ್ಣದ ಕಲ್ಲನ್ನು ನೋಡಿ, ಅಲ್ಲೇ ನಿಂತ. ಲಿಂಗಾಜಮ್ಮ ಸೀರೆ ಎತ್ತಿ ಕಟ್ಟಿ ಇಳಿದಳು.

ಜೀಪು ಬಂತು. ಅದರ ಹಿಂದೆ ಗೆಸ್ಟುಗಳ ಕಾರೂ ಬಂತು. ಬಂಗ್ಲೆಯ ವರಾಂಡದಲ್ಲಿ ಇಬ್ಬರು ಮೂವರು ಫೋನು ಎತ್ತಿ ಹಿಡಿದರು.

“ಏಯ್ ಸೂಳೆಮಕ್ಕಳಾ! ಯಾವನೋ ಬೇಲಿ ಮುರಿದವನು? ಹೆರಿಟೇಜ್ ಕಣ್ರೋ ಅದು!” ರಾಜೇಶ್‌ಕುಮಾರ್ ಓಡಿಬಂದ. “ತೆಗೀರೋ ಹೆಣ ಆಚೆಗೆ! ನಟರಾಜ, ನಾಳೆಯಿಂದ ಫ್ಯಾಕ್ಟರಿ ಕಡೆ ತಲೆ ಹಾಕ್ಬೇಡ. ಪೊಲೀಸಿಗೆ ಹೇಳಾಯ್ತು, ಬರ್ತಾ ಇದ್ದಾರೆ.”

ಮೇಲಿನಿಂದ ನಾಲ್ಕು ಕೈ ಚೆನ್ನಯ್ಯನನ್ನು ಇಳಿಸಿದವು. ಬೆಳಿಗ್ಗೆ ನಿಲ್ಲಿಸಿದ್ದ ಹೆಗಲಿಗೇ ಮತ್ತೆ ಅವನ ತಲೆ ಬಂತು. ಲಿಂಗಾಜಮ್ಮ ಮೆಲ್ಲಗೆ ಬಗ್ಗಿ ಅವನನ್ನು ನೆಲಕ್ಕೆ ಒರಗಿಸಿದಳು, ಕಾಲು ನೀಡಿಸಿದಳು, ಮುಖ ಒರೆಸಿದಳು. ಆಮೇಲೆ ತಲೆ ಎತ್ತಿದಳು.

“ರಾಜೇ‌ಶ್‌ಕುಮಾರಾ,” ಅಂದಳು.

ಆ ಹೆಸರನ್ನು ಲೈನಿನ ಒಂದು ಬಾಯಿಯೂ ಅವನೆದುರಿಗೆ ಆಡಿರಲಿಲ್ಲ.

“ಹೆಣ ಆಚೆ ತೆಗೀಬೇಕಾ? ಬಾ. ನೀನೇ ಇಳಿ. ಇಳ್ದು ಎತ್ಕೊ ನಮ್ಮಪ್ಪನ್ನ. ಹಂಗೇ ಆ ಗಂಟನ್ನೂ ಎತ್ಕೊ. ನಮ್ ಮುತ್ತಜ್ಜಿನೂ ಅವ್ಳೆ ಅದ್ರಲಿ.”

ಅವನು ಗುಂಡಿಯ ಅಂಚಿಗೆ ಬಂದ. ಬಟ್ಟೆಯ ಗಂಟಿನಿಂದ ಹೊರಚಾಚಿದ್ದನ್ನು ನೋಡಿದ. ಒಂದು ಹೆಜ್ಜೆ ಹಿಂದಕ್ಕೆ ಸರಿದು ಫೋನು ಕಿವಿಗಿಟ್ಟುಕೊಂಡ. ಕೆಳಗಿನ ತಿರುವಿನಲ್ಲಿ ಇನ್ನೊಂದು ಜೀಪು ಗೇರು ಬದಲಿಸಿದ ಸದ್ದಾಯಿತು.

“ಅಕ್ಕ, ಹತ್ತು ಮ್ಯಾಕೆ,” ನಟರಾಜ ಮಂಡಿಯೂರಿ ಕೈ ಚಾಚಿದ. “ಬಂದುಬುಟ್ರು.”

“ನಾ ಹತ್ತುದ್ರೆ ಅವ್ರು ಇಳ್ದು ಅಪ್ಪನ್ನ ಎತ್ಕತಾರ. ಮಣ್ ಹಾಕು.”

“ನೀನು ಹತ್ತು ಮೊದ್ಲು!”

“ಹಾಕ್ಲಾ ಅಂದೆ. ಹಿರೀಮಗ ನೀನು. ಮೊದಲ್ನೇ ಹಿಡಿ ನಿಂದೇ.”

ನಟರಾಜನ ಮುಷ್ಟಿ ತುಂಬ ಮಣ್ಣಿತ್ತು. ಅವನು ಜೀಪಿನ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ, ಕೊನೆಗೆ ಕೆಳಗೆ ನೋಡಿದ. ಬೆರಳು ಬಿಚ್ಚಿದ. ಅವನ ಹಿಂದೆ ಮಲರ್‌ಕೊಡಿ, ಮಾದ. ಆಮೇಲೆ ಬೇಲಿಯ ಹೊರಗೆ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಬಗ್ಗಿದರು. ಮಣ್ಣು ಬೀಳುವ ಸದ್ದಷ್ಟೇ.

ಚೆನ್ನಯ್ಯನ ಎದೆ ಮುಚ್ಚಿತು, ಮುಖ ಮುಚ್ಚಿತು. ಲಿಂಗಾಜಮ್ಮ ಅಲುಗದೆ ನಿಂತಿದ್ದಳು. ಮಣ್ಣು ಅವಳ ಮೊಣಕಾಲಿಗೆ ಬಂದಿತ್ತು. ಮಂಜಿನ ಆಚೆ ಜೀಪಿನ ಬಾಗಿಲು ಬಡಿದುಕೊಂಡಿತು, ಬೂಟುಗಳು ಮೆಟ್ಟಿಲು ಹತ್ತತೊಡಗಿದವು. ನಟರಾಜನ ಕೈ ತಡೆದು ನಿಂತಿತು.

“ನಿಲ್ಲಿಸ್ಬ್ಯಾಡಿ,” ಅಂದಳು.